ಒಂದೇ ಒಂದು ಹಗುರ ಬೂಟು ಕೊಳ್ಳುವುದಾದರೆ: ವೇಪರ್, ಅಡಿಝೀರೋ, ಇವೋಸ್ಪೀಡ್, ಮೊರೇಲಿಯಾ

ಸಂಗ್ರಹಕ್ಕೆಂದು ಹಗುರ ಫುಟ್‌ಬಾಲ್ ಬೂಟು ಹುಡುಕುವವರ ಪಟ್ಟಿಯಲ್ಲಿ ಹೆಚ್ಚು ಕಡಿಮೆ ಇದೇ ಹೆಸರುಗಳು ಇರುತ್ತವೆ. ನೈಕಿಯ ಮರ್ಕ್ಯುರಿಯಲ್ ವೇಪರ್, ಅಡಿಡಾಸ್‌ನ ಎಫ್50 ಅಡಿಝೀರೋ, ಪೂಮಾದ ಇವೋಸ್ಪೀಡ್ ಎಸ್‌ಎಲ್, ಇವಕ್ಕೆಲ್ಲ ಎದುರಾಗಿ ನಿಲ್ಲುವ ಚರ್ಮದ ಮಿಜುನೊ ಮೊರೇಲಿಯಾ. ಹಣ ಒಂದು ಜೊತೆಗೆ ಮಾತ್ರ ಇರುತ್ತದೆ, ಮನಸ್ಸು ನಾಲ್ಕರ ಮೇಲೂ ಇರುತ್ತದೆ. ಯಾವುದು ಚೆಂದ ಎಂದು ಕೇಳಿಕೊಂಡರೆ ಈ ಗೊಂದಲ ಬಿಡಿಸಲು ಆಗುವುದಿಲ್ಲ, ಏಕೆಂದರೆ ನಾಲ್ಕೂ ಚೆಂದವೇ. ಯಾವುದು ನಿಮ್ಮ ಮನೆಯಲ್ಲಿ, ನಿಮ್ಮ ಬಳಕೆಯಲ್ಲಿ, ಇನ್ನೂ ಹತ್ತು ವರ್ಷ ಬೂಟಾಗಿ ಉಳಿಯುತ್ತದೆ ಎಂದು ಕೇಳಿಕೊಳ್ಳಬೇಕು. ಹಗುರ ಬೂಟಿನ ಮಟ್ಟಿಗೆ ಇದು ದೊಡ್ಡ ಪ್ರಶ್ನೆ. ತೂಕ ಇಳಿಸಲು ಏನೇನು ತೆಗೆದುಹಾಕಿದರೋ, ಅದೇ ಬೂಟನ್ನು ಕಾಲದಿಂದ ಕಾಪಾಡುತ್ತಿದ್ದ ಭಾಗವೂ ಆಗಿತ್ತು.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೊದಲು ಉದ್ದೇಶ. ಗಾಜಿನ ಕಪಾಟಿನಲ್ಲಿ ಇಡಲೋ, ಆಗಾಗ ತೊಟ್ಟು ಆಡಲೋ, ಬೆಲೆ ಏರಲಿ ಎಂದು ಇಟ್ಟುಕೊಳ್ಳಲೋ? ಈ ಮೂರೂ ಒಂದೇ ಜೊತೆಯಲ್ಲಿ ಸಿಗುವುದಿಲ್ಲ. ತೊಟ್ಟ ದಿನವೇ ಬೆಲೆ ಇಳಿಯುತ್ತದೆ. ತೊಡದೆ ಇಟ್ಟರೂ ವಯಸ್ಸಾಗುವುದು ನಿಲ್ಲುವುದಿಲ್ಲ.

ಎರಡನೆಯದು ವಸ್ತು. ಪಾಲಿಯುರಿಥೇನ್ ಲೇಪನವಿರುವ ಸಿಂಥೆಟಿಕ್ ಮೇಲ್ಭಾಗ, ಕೆಲವು ಬಗೆಯ ಅಟ್ಟೆ, ಅವೆರಡನ್ನು ಹಿಡಿದಿಡುವ ಅಂಟು, ಇವೆಲ್ಲ ಗಾಳಿಯ ತೇವವನ್ನು ಹೀರಿ ಒಳಗಿಂದಲೇ ಒಡೆಯುತ್ತವೆ. ರಸಾಯನಶಾಸ್ತ್ರದವರು ಇದನ್ನು ಹೈಡ್ರಾಲಿಸಿಸ್ ಎನ್ನುತ್ತಾರೆ. ಮೊದಲು ಲೇಪನ ಬೆರಳಿಗೆ ಅಂಟತೊಡಗುತ್ತದೆ, ಆಮೇಲೆ ಚಕ್ಕೆ ಏಳುತ್ತದೆ, ಕೊನೆಗೆ ಹಪ್ಪಳದಂತೆ ಪುಡಿಯಾಗುತ್ತದೆ. ಡಬ್ಬಿಯಿಂದ ಆಚೆ ಬರದ ಬೂಟಿಗೂ ಇದು ತಪ್ಪಿದ್ದಲ್ಲ. ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನ ಮನೆಗಳಲ್ಲಿ ಇದರ ವೇಗ ಇನ್ನೂ ಹೆಚ್ಚು. ‘ಇಪ್ಪತ್ತು ವರ್ಷ ಹಳೆಯದು, ಒಮ್ಮೆಯೂ ತೊಟ್ಟಿಲ್ಲ’ ಎಂಬ ಜಾಹೀರಾತು ಬೂಟು ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಮೂರನೆಯದು ಮಟ್ಟ. ಕಂಪನಿಗಳು ಒಂದೇ ಬಣ್ಣ, ಒಂದೇ ಆಕಾರವನ್ನು ಮೂರು ನಾಲ್ಕು ದರ್ಜೆಗಳಲ್ಲಿ ಮಾರುತ್ತವೆ. ಅಡಿಡಾಸ್‌ನಲ್ಲಿ ಎಫ್50 ಅಡಿಝೀರೋ ಮೇಲಿನದು, ಎಫ್30, ಎಫ್10, ಎಫ್5 ಕೆಳಗಿನವು. ನೈಕಿಯಲ್ಲಿ ವೇಪರ್‌ನ ಕೆಳಗೆ ಮಿರಾಕಲ್, ಗ್ಲೈಡ್, ವಿಕ್ಟರಿ ಬರುತ್ತಿದ್ದವು. ಈಗ ಎಲೀಟ್, ಪ್ರೊ, ಅಕಾಡೆಮಿ, ಕ್ಲಬ್ ಎಂದಿವೆ. ಪೂಮಾ ಇವೋಸ್ಪೀಡ್‌ನಲ್ಲಿ 1ರಿಂದ ಶುರುವಾಗುವ ಸಂಖ್ಯೆ ಮೇಲಿನ ದರ್ಜೆ, 5 ಎಂದರೆ ತೀರಾ ಕೆಳಗಿನದು. ಕೆಳದರ್ಜೆಯ ಜೊತೆಯನ್ನು ಮೇಲಿನದರ ಹೆಸರಲ್ಲಿ, ಅದರ ಬೆಲೆಗೆ ಮಾರುವುದು ಈ ಮಾರುಕಟ್ಟೆಯಲ್ಲಿ ನಕಲಿ ಮಾಲಿಗಿಂತಲೂ ಸಾಮಾನ್ಯ. ಎಷ್ಟೋ ಸಲ ಮಾರುವವರಿಗೇ ವ್ಯತ್ಯಾಸ ಗೊತ್ತಿರುವುದಿಲ್ಲ.

ನಾಲ್ಕನೆಯದು ಒಟ್ಟು ಖರ್ಚು. ವಿದೇಶದಿಂದ ತರಿಸಿದರೆ ಬೂಟಿನ ಬೆಲೆಗೆ ಸಾಗಣೆ, ಕಸ್ಟಮ್ಸ್ ಸುಂಕ, ತೆರಿಗೆ ಸೇರುತ್ತವೆ. ಬಳಸಿದ ವಸ್ತುಗಳ ಆಮದಿಗೆ ಬೇರೆಯೇ ನಿಯಮಗಳಿರುವುದರಿಂದ ಹಣ ಕಟ್ಟುವ ಮೊದಲೇ ಕೊರಿಯರ್‌ನವರನ್ನು ಕೇಳಿ ಖಚಿತ ಮಾಡಿಕೊಳ್ಳಬೇಕು.

ಮರ್ಕ್ಯುರಿಯಲ್: ಕಥೆಯೂ ದೊಡ್ಡದು, ಅಪಾಯವೂ ದೊಡ್ಡದು

1998ರ ಫ್ರಾನ್ಸ್ ವಿಶ್ವಕಪ್‌ಗೆ ಬ್ರೆಜಿಲ್‌ನ ರೊನಾಲ್ಡೊ ತೊಟ್ಟು ಬಂದ ಬೆಳ್ಳಿ-ನೀಲಿ-ಹಳದಿಯ ಬೂಟು ಮೊದಲ ಮರ್ಕ್ಯುರಿಯಲ್. ಅದಕ್ಕೂ ಮೊದಲು ಒಳ್ಳೆಯ ಬೂಟು ಎಂದರೆ ಕಾಂಗರೂ ಚರ್ಮದ ಕಪ್ಪು ಬೂಟು. ಅಡಿಡಾಸ್ ಕೋಪಾ ಮುಂಡಿಯಾಲ್‌ನಂಥದು ಒಂದು ಕಾಲಿಗೆ 300 ಗ್ರಾಂ ಆಸುಪಾಸು ತೂಗುತ್ತಿತ್ತು. ಮರ್ಕ್ಯುರಿಯಲ್ ಚರ್ಮ ಬಿಟ್ಟು ತೆಳು ಸಿಂಥೆಟಿಕ್ ಹಿಡಿಯಿತು, ಚೆಂಡು ಜಾರದಿರಲೆಂದು ಮೇಲೆ ಸ್ವಲ್ಪ ಅಂಟುವ ಲೇಪನ ಕೊಟ್ಟಿತು, ತೂಕವನ್ನು 200 ಗ್ರಾಂ ಹತ್ತಿರಕ್ಕೆ ತಂದಿತು. 2002ರಲ್ಲಿ ಬಂದ ಮೊದಲ ವೇಪರ್ 196 ಗ್ರಾಂ. ಆ ವಿಶ್ವಕಪ್‌ನಲ್ಲಿ ರೊನಾಲ್ಡೊ ಎಂಟು ಗೋಲು ಹೊಡೆದರು. ಯೊಕೊಹಾಮಾದ ಫೈನಲ್‌ನಲ್ಲಿ ಜರ್ಮನಿಯ ವಿರುದ್ಧ ಬಂದ ಎರಡೂ ಗೋಲು ಅವರವೇ, ಕಾಲಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ವೇಪರ್.

ಈ ಬೂಟಿನ ಆಕರ್ಷಣೆ ಬರೀ ನೆನಪಿನಿಂದ ಬಂದದ್ದಲ್ಲ. ಪಕ್ಕದಿಂದ ನೋಡಿ. ಬೆರಳಿನ ತುದಿಯಿಂದ ಹಿಮ್ಮಡಿಯವರೆಗೆ ಗೆರೆ ಎಲ್ಲೂ ತುಂಡಾಗುವುದಿಲ್ಲ, ಹೊಲಿಗೆಯ ಸಾಲುಗಳು ಕಣ್ಣಿಗೆ ಹೊಡೆಯುವುದಿಲ್ಲ, ನೈಕಿಯ ಗುರುತಾದ ಸ್ವೂಶ್ ಕೂಡ ಆ ಗೆರೆಯ ಓಟದಲ್ಲೇ ಕೂರುತ್ತದೆ. ನಿಂತಲ್ಲೇ ಓಡುತ್ತಿರುವಂತೆ ಕಾಣುವ ಬೂಟುಗಳಿಗೆ ದಾರಿ ಹಾಕಿದ್ದು ಇದು. ಆರಂಭದ ಪೀಳಿಗೆಗಳು ಇಟಲಿಯ ಮಾಂಟೆಬೆಲ್ಲುನಾ ಸುತ್ತಮುತ್ತ ತಯಾರಾದವು. ಬೆಟ್ಟ ಹತ್ತುವ ಬೂಟು, ಹಿಮದ ಬೂಟು ಮಾಡಿ ಪಳಗಿದ ಊರು ಅದು. ಆ ಕೈಕೆಲಸ ಅಟ್ಟೆ ಮತ್ತು ಮೇಲ್ಭಾಗ ಸೇರುವ ಅಂಚಿನಲ್ಲಿ ಕಾಣುತ್ತದೆ.

ಈಗ ಅಪಾಯದ ಮಾತು. 1998 ಮತ್ತು 2002ರ ಜೊತೆಗಳಲ್ಲಿ ಲೇಪನ ಅಂಟಂಟಾಗಿರುವುದು, ಹೆಬ್ಬೆರಳು ಮಡಿಯುವ ಜಾಗದಲ್ಲಿ ಬೆಳ್ಳಿ ಬಣ್ಣ ಬಿರುಕು ಬಿಟ್ಟಿರುವುದು, ಅಟ್ಟೆ ಮುಂಭಾಗದಲ್ಲಿ ಬಾಯಿ ಬಿಟ್ಟಿರುವುದು ಮಾಮೂಲು. ಇವುಗಳನ್ನು ತೊಟ್ಟು ಆಡಬಾರದು, ಕಾಲಿಗೆ ಹಾಕಿ ನೋಡುವುದೂ ಬೇಡ. ಒಮ್ಮೆ ಮಡಿದರೆ ಬಿದ್ದ ಬಿರುಕು ಮತ್ತೆ ಕೂಡುವುದಿಲ್ಲ. ಹೊಳೆಯುವ ಬೆಳ್ಳಿಗೆ ಅಸಿಟೋನ್, ನೇಲ್ ಪಾಲಿಶ್ ರಿಮೂವರ್, ಗಟ್ಟಿ ಬ್ರಷ್ ಯಾವುದನ್ನೂ ಮುಟ್ಟಿಸಬೇಡಿ. ಬಣ್ಣವೇ ಎದ್ದು ಬರುತ್ತದೆ. ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆ ಸಾಕು.

ಕಥೆ ಬೇಕು, ಇಷ್ಟು ಅಪಾಯ ಬೇಡ ಎನ್ನುವವರು 2006ರ ವೇಪರ್ 3 ನೋಡಬಹುದು. ತೈಜಿನ್ ಮೈಕ್ರೋಫೈಬರ್‌ನ ಮೇಲ್ಭಾಗ ಮೊದಲಿನ ಲೇಪನಗಳಿಗಿಂತ ಚೆನ್ನಾಗಿ ಬಾಳಿದೆ. ತೊಡುವ ಆಸೆಯಿದ್ದರೆ ಒಂದು ಎಚ್ಚರಿಕೆ: ಹಳೆಯ ವೇಪರ್‌ಗಳು ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸುವುದಕ್ಕೆ ಹೆಸರುವಾಸಿ. ಹಿಮ್ಮಡಿಯ ಗೋಡೆ ಗಟ್ಟಿ, ಒಳಗಿನ ಮೆತ್ತೆ ತೆಳು, ಅಚ್ಚು ಇಕ್ಕಟ್ಟು. ಅಗಲ ಪಾದದವರಿಗೆ ಅರ್ಧ ಸೈಜ್ ದೊಡ್ಡದು ತೆಗೆದುಕೊಂಡರೂ ಹಿತವಾಗುವುದಿಲ್ಲ. ಉದ್ದ ಹೆಚ್ಚುತ್ತದೆ, ಅಗಲ ಹೆಚ್ಚುವುದಿಲ್ಲ.

2008ರ ಮರ್ಕ್ಯುರಿಯಲ್ ಎಸ್‌ಎಲ್ ಬೇರೆಯೇ ಲೋಕದ್ದು. ಮೈಯೆಲ್ಲ ಕಾರ್ಬನ್ ಫೈಬರ್, 185 ಗ್ರಾಂ, ಲೋಕಕ್ಕೆಲ್ಲ 2,008 ಜೊತೆ ಮಾತ್ರ. ಇದರ ಬೆಲೆಯ ಬಗ್ಗೆ ಯೋಚಿಸುವಂಥವರಿಗೆ ಈ ಬರಹ ಬೇಕಾಗಿಲ್ಲ.

ಎಫ್50 ಅಡಿಝೀರೋ: ಹೆಚ್ಚಿನವರು ಇದನ್ನೇ ಕೊಳ್ಳಬೇಕು

2010ರ ದಕ್ಷಿಣ ಆಫ್ರಿಕಾ ವಿಶ್ವಕಪ್‌ಗೆ ಬಂದ ಮೊದಲ ಅಡಿಝೀರೋ 165 ಗ್ರಾಂ. ಮೆಸ್ಸಿ ತೊಟ್ಟರು, ಸ್ಪೇನ್‌ನ ದಾವಿದ್ ವಿಯಾ ತೊಟ್ಟು ಐದು ಗೋಲು ಹೊಡೆದರು. ಅದಕ್ಕೂ ಮುಂಚಿನ ಎಫ್50 ಟ್ಯೂನಿಟ್ 2006ರಲ್ಲಿ ಬಂದಾಗ ಮೇಲ್ಭಾಗ, ನಡುವಿನ ಚಾಸಿ (ಚೌಕಟ್ಟು), ಅಟ್ಟೆಯಡಿಯ ಮೊಳೆಗಳಾದ ಸ್ಟಡ್ ಮೂರನ್ನೂ ಬಿಚ್ಚಿ ಬದಲಿಸಬಹುದಿತ್ತು. ಆ ಎಲ್ಲ ತಿರುಪು, ಜೋಡಣೆಗಳನ್ನು ಬಿಸಾಡಿ ಒಂದೇ ಪದರದ ಸಿಂಥೆಟಿಕ್ ಚರ್ಮ, ಅದಕ್ಕೆ ಒಂದೇ ತುಂಡಿನ ಅಟ್ಟೆ ಎಂಬಲ್ಲಿಗೆ ಅಡಿಡಾಸ್ ಬಂದಿತ್ತು.

ಇದರ ಅಟ್ಟೆಯನ್ನು ಒಮ್ಮೆ ತಿರುಗಿಸಿ ನೋಡಬೇಕು. ಹಗುರ ಮಾಡುವ ಅಗ್ಗದ ದಾರಿ ಅಟ್ಟೆಯನ್ನು ತೆಳು ಮಾಡುವುದು. ಹಾಗೆ ಮಾಡಿದರೆ ಸ್ಟಡ್‌ನ ಒತ್ತಡ ಅಂಗಾಲಿಗೆ ಚುಚ್ಚುತ್ತದೆ. ಇಲ್ಲಿ ಹಿಮ್ಮಡಿಯಿಂದ ನಡುಪಾದದವರೆಗೆ ಏಣುಗಳನ್ನು ಎಬ್ಬಿಸಿ, ನಡುವಿನ ಬಯಲನ್ನು ತೆಳುವಾಗಿ ಬಿಟ್ಟಿದ್ದಾರೆ. ಬಲ ಬೇಕಾದಲ್ಲಿ ಮಾತ್ರ ವಸ್ತು ಇದೆ. ತ್ರಿಕೋನಾಕಾರದ ಸ್ಟಡ್‌ಗಳ ಬುಡವೂ ಆ ಏಣುಗಳ ಮೇಲೆಯೇ ಬರುತ್ತದೆ. ಮೇಲ್ಭಾಗದಲ್ಲಿ ಮೂರು ಪಟ್ಟೆಗಳನ್ನು ಬಿಟ್ಟರೆ ಕಣ್ಣು ನಿಲ್ಲುವಂಥ ಅಲಂಕಾರವಿಲ್ಲ. ಹದಿನೈದು ವರ್ಷ ಕಳೆದರೂ ಹಳತೆನಿಸದಿರುವುದಕ್ಕೆ ಇದೇ ಕಾರಣ: ಫ್ಯಾಷನ್ನಿಗೆಂದು ಅಂಟಿಸಿದ್ದೇನೂ ಇದರ ಮೇಲಿಲ್ಲ.

ಮಾರುಕಟ್ಟೆಯಲ್ಲೂ ಇದು ಸುಲಭ. 2010ರಿಂದ 2015ರವರೆಗೆ ಹಲವು ಬಣ್ಣಗಳಲ್ಲಿ ಬಂದಿದ್ದರಿಂದ ಸಿಗುತ್ತದೆ. ಬೆಲೆಯ ಹರವೂ ದೊಡ್ಡದು: ಬಳಸಿದ ಸಾಧಾರಣ ಬಣ್ಣದ ಜೊತೆ ಇವತ್ತಿನ ಹೊಸ ಎಲೀಟ್ ಬೂಟಿಗಿಂತ ಅಗ್ಗವಾಗಿ ಸಿಕ್ಕರೆ, 2010ರ ವಿಶ್ವಕಪ್ ನೇರಳೆ ಡಬ್ಬಿ ಸಮೇತ ಬಂದರೆ ಅದರ ಎರಡು ಮೂರು ಪಟ್ಟು ಕೇಳುತ್ತಾರೆ. ಮೊದಲ ಪೀಳಿಗೆಯನ್ನೇ ಕೊಳ್ಳಿ. 2011ರದ್ದರಲ್ಲಿ ಓಟದ ವೇಗ, ದೂರ ಅಳೆಯುವ ಮೈಕೋಚ್ ಚಿಪ್ ಇಡಲು ಅಟ್ಟೆಯಲ್ಲಿ ಗುಳಿ ಮಾಡಿದ್ದಾರೆ. ಆ ಗುಳಿಯ ಮುಚ್ಚಳ ಕಳೆದುಹೋಗಿರುವ ಜೊತೆಗಳು ಬಹಳ. ಸಿಂಥೆಟಿಕ್ ಜೊತೆಗೆ ಚರ್ಮದ ಅಡಿಝೀರೋ ಕೂಡ ಬಂದಿತ್ತು. ಅಗಲ ಪಾದದವರಿಗೆ ತೊಡಲು ಅದು ಒಳ್ಳೆಯದು, ತೂಕ ಮಾತ್ರ ಹೆಚ್ಚು.

ಕುಂದು ಇಲ್ಲದಿಲ್ಲ. ಒಂದೇ ಪದರದ ಮೇಲ್ಭಾಗ ಕಿರುಬೆರಳಿನ ಬುಡದಲ್ಲಿ, ಬೂಟು ಮಡಿಯುವ ಜಾಗದಲ್ಲಿ, ಅಟ್ಟೆಯ ಅಂಚಿಗೆ ತಾಗಿ ಸೀಳುತ್ತದೆ. ಫೋಟೋದಲ್ಲಿ ಇದು ಗೆರೆಯಂತೆ ಮಾತ್ರ ಕಾಣುತ್ತದೆ. ಒಳಗಿನಿಂದ ಟಾರ್ಚ್ ಬಿಟ್ಟು ತೆಗೆದ ಫೋಟೋ ಕೇಳಿ. ಬೆಳಕು ಹೊರಗೆ ಬಂದರೆ ಸೀಳಿದೆ. 2015ರ ಅಡಿಝೀರೋ 99 ಗ್ರಾಂ ಎಂಬ ಸೀಮಿತ ಆವೃತ್ತಿಗಂತೂ ಹೆಸರೇ ತೂಕ. ಅದನ್ನು ಕಪಾಟಿಗೆ ಮಾತ್ರ ತರಬೇಕು.

ಇವೋಸ್ಪೀಡ್ ಎಸ್‌ಎಲ್

ಪೂಮಾ 2014-15ರ ಹೊತ್ತಿಗೆ 103 ಗ್ರಾಂಗೆ ಇಳಿಯಿತು. ಮೇಲ್ಭಾಗ ಎಷ್ಟು ತೆಳುವೆಂದರೆ ಬೆಳಕಿಗೆ ಹಿಡಿದರೆ ಬೆರಳ ನೆರಳು ಕಾಣುತ್ತದೆ. ಕೈಯಲ್ಲಿ ಹಿಡಿದವರಿಗೆ ಆಗುವ ಅಚ್ಚರಿಯಲ್ಲಿ ಈ ಪಟ್ಟಿಯ ಯಾವ ಬೂಟೂ ಇದರ ಸಮಕ್ಕೆ ಬರುವುದಿಲ್ಲ. ಆದರೆ ಇದರ ಹಿಂದೆ 2002ರ ಫೈನಲ್‌ನಂಥ ಒಂದು ಪಂದ್ಯ ಇಲ್ಲ. ಹಾಗಾಗಿ ಬೇಡಿಕೆ ಕಡಿಮೆ, ಬೆಲೆಯೂ ಮಿತ. ಕಡಿಮೆ ಹಣದಲ್ಲಿ ಎಂಜಿನಿಯರಿಂಗ್‌ನ ತುದಿ ಮುಟ್ಟಿದ ವಸ್ತು ಬೇಕೆನ್ನುವ ವಿದ್ಯಾರ್ಥಿಗೆ ಇದನ್ನೇ ಹೇಳುತ್ತೇನೆ. ಆಡಲು ಬೇಡವೇ ಬೇಡ. ಎದುರಾಳಿಯ ಸ್ಟಡ್ ಒಮ್ಮೆ ತಾಗಿದರೆ ಕಾಲಿಗೂ ಉಳಿಗಾಲವಿಲ್ಲ, ಬೂಟಿಗೂ ಇಲ್ಲ.

ಮೊರೇಲಿಯಾ: ತೊಟ್ಟು ಆಡುವವರಿಗೆ

ಮೆಕ್ಸಿಕೋದ ಊರೊಂದರ ಹೆಸರು ಹೊತ್ತ ಮಿಜುನೊ ಮೊರೇಲಿಯಾ 1985ರಲ್ಲಿ ಬಂದಾಗ 245 ಗ್ರಾಂ. ಆ ಕಾಲಕ್ಕೆ, ಅದೂ ಚರ್ಮದಲ್ಲಿ, ಇದು ಹಗುರದ ಬೂಟು. ಬ್ರೆಜಿಲ್‌ನ ಕರೇಕಾ ಇದನ್ನು ತೊಟ್ಟವರು. ಬರಿಗಾಲಲ್ಲಿ ಆಡಿದಂತೆ ಇರಬೇಕು ಎಂಬುದು ಇದರ ಹಟ. ಮೃದುವಾದ ಕಾಂಗರೂ ಚರ್ಮ, ಅದು ಹಿಗ್ಗದಂತೆ ಮುಂಭಾಗದಲ್ಲಿ ಹೊಲಿಗೆಯ ಸಾಲು, ಮಡಚಿ ಬೀಳುವ ನಾಲಿಗೆ. ಮೊರೇಲಿಯಾ 2 ಇಷ್ಟು ವರ್ಷ ನಿಲ್ಲದೆ ತಯಾರಾಗುತ್ತ ಬಂದಿದೆ. ಆದ್ದರಿಂದಲೇ ಇದು ಅಪರೂಪವಲ್ಲ, ಬೆಲೆ ಏರುವ ವಸ್ತುವೂ ಅಲ್ಲ. ಜಪಾನ್‌ನಲ್ಲಿ ತಯಾರಾದದ್ದಕ್ಕೆ ಹೆಚ್ಚು ಬೆಲೆ, ಅದಕ್ಕೆ ತಕ್ಕ ಚರ್ಮ.

ಇದರ ದೊಡ್ಡ ಗುಣ ದುರಸ್ತಿ. ಹೊಲಿಗೆ ಬಿಟ್ಟರೆ ಹೊಲಿಸಬಹುದು, ಚರ್ಮ ಒಣಗಿದರೆ ಕ್ರೀಮ್ ಹಚ್ಚಿ ಮೆದು ಮಾಡಬಹುದು. ಸಿಂಥೆಟಿಕ್‌ಗೆ ಈ ಎರಡನೇ ಜನ್ಮ ಇಲ್ಲ. ನಮ್ಮ ಮಳೆಗಾಲದಲ್ಲಿ ಬೂಷ್ಟು ಮಾತ್ರ ಬಿಡದೆ ಕಾಡುತ್ತದೆ. ಆಡಿದ ಮೇಲೆ ಬಿಸಿಲಿಗೆ ಇಡದೆ, ಒಳಗೆ ಅಚ್ಚಿಲ್ಲದ ಕಾಗದ ತುಂಬಿ ಫ್ಯಾನಿನ ಗಾಳಿಯಲ್ಲಿ ಒಣಗಿಸಿ, ಆಮೇಲೆ ತೆಳ್ಳಗೆ ಕ್ರೀಮ್ ಹಚ್ಚಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಸೂಚನೆ: ಕ್ಯಾಲಿಫೋರ್ನಿಯಾದಲ್ಲಿ ಕಾಂಗರೂ ಚರ್ಮದ ಮಾರಾಟಕ್ಕೆ ಕಾನೂನಿನ ನಿಷೇಧವಿದೆ. ಅಲ್ಲಿ ಕೊಂಡು ಊರಿಗೆ ತರುವ ಲೆಕ್ಕ ಹಾಕಬೇಡಿ. ನೈಕಿ, ಪೂಮಾ ಎರಡೂ 2023ರಲ್ಲಿ ಕಾಂಗರೂ ಚರ್ಮ ಬಿಡುವುದಾಗಿ ಘೋಷಿಸಿದವು. ಹಳೆಯ ಚರ್ಮದ ಬೂಟುಗಳ ಬಗ್ಗೆ ಕುತೂಹಲ ಹೆಚ್ಚಲು ಇದೂ ಒಂದು ಕಾರಣ.

ಮರುಅವತಾರಗಳು

ಅಸಲಿ ಹಳೆಯದರ ತಲೆನೋವೇ ಬೇಡ ಎನ್ನುವವರಿಗೆ ಕಂಪನಿಗಳೇ ದಾರಿ ಬಿಟ್ಟಿವೆ. ಎರಡು ಬಗೆ ಇವೆ, ಬೆರೆಸಿಕೊಳ್ಳಬೇಡಿ. ಒಂದು, ಹಳೆಯ ಆಕಾರವನ್ನೇ ಹೊಸ ವಸ್ತುವಿನಲ್ಲಿ ಮಾಡಿದ ಸೀಮಿತ ಆವೃತ್ತಿ. ಇನ್ನೊಂದು, ಹೊಸ ಬೂಟಿಗೆ ಹಳೆಯ ಬಣ್ಣವನ್ನೋ ಹೆಸರನ್ನೋ ಕೊಟ್ಟದ್ದು. ಅಡಿಡಾಸ್ 2024ರಲ್ಲಿ ಎಫ್50 ಹೆಸರನ್ನು ವಾಪಸ್ ತಂದಾಗ ಬಂದದ್ದು ಎರಡನೆಯ ಬಗೆ, ಪೂರ್ತಿ ಹೊಸ ಬೂಟು. ತೊಡಲು ಅದು ಸೊಗಸು. 2010ರದ್ದನ್ನು ಬಯಸಿದವರಿಗೆ ಅದು ತೃಪ್ತಿ ಕೊಡುವುದಿಲ್ಲ. ಮೊದಲ ಬಗೆಯದು ಸಿಕ್ಕರೆ ಬಿಡಬೇಡಿ: ಅಂಟು ಹೊಸದು, ಅಟ್ಟೆ ಹೊಸದು, ವಾರಂಟಿ ಕೂಡ ಇರುತ್ತದೆ.

ಹಣ ಕೊಡುವ ಮೊದಲು

ಮಾರುವವರಿಂದ ಇಷ್ಟು ತರಿಸಿಕೊಳ್ಳಿ: ಎರಡೂ ಬೂಟುಗಳ ಒಳಗಿನ ಲೇಬಲ್, ಡಬ್ಬಿಯ ಮೇಲಿನ ಚೀಟಿ, ಅಟ್ಟೆ ಮತ್ತು ಮೇಲ್ಭಾಗ ಸೇರುವ ಅಂಚಿನ ಹತ್ತಿರದ ಫೋಟೋ, ಮತ್ತು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದೊಂದೇ ಬೂಟನ್ನು ಇಟ್ಟು ತೆಗೆದ ಫೋಟೋ.

ತಕ್ಕಡಿ ಸುಳ್ಳು ಹೇಳುವುದಿಲ್ಲ. ಕಂಪನಿ ಹೇಳುವ ತೂಕ ಒಂದು ಬೂಟಿನದು, ಜೊತೆಯದಲ್ಲ, ಅದೂ ಯುಕೆ 8ರ ಆಸುಪಾಸಿನ ಸೈಜಿನದು. ಸೈಜ್ ಏರಿದಂತೆ ಕೆಲವು ಗ್ರಾಂ ಏರುತ್ತದೆ. ಆದರೆ ಯುಕೆ 8ರ ‘ಅಡಿಝೀರೋ’ 220 ಗ್ರಾಂ ತೂಗಿದರೆ ಅದು ನಕಲಿ, ಇಲ್ಲವೇ ಕೆಳದರ್ಜೆಯದು. ತೆಳು ವಸ್ತುವನ್ನು ಅನುಕರಿಸುವುದು ದುಬಾರಿ ಕೆಲಸವಾದ್ದರಿಂದ ನಕಲಿ ಮಾಡುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಲೇಬಲ್‌ನ ಸ್ಟೈಲ್ ಸಂಖ್ಯೆ ಡಬ್ಬಿಯ ಸಂಖ್ಯೆಗೆ ಹೊಂದಬೇಕು. ಅಡಿಡಾಸ್ ಲೇಬಲ್‌ನಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. 2010ರ ವಿಶ್ವಕಪ್ ಬಣ್ಣದ ಮೇಲೆ 2014 ಎಂದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಎಡ ಬಲ ಬೂಟುಗಳ ಕ್ರಮಸಂಖ್ಯೆ ಒಂದೇ ಆಗಿದ್ದರೂ ಸಂಶಯ ಪಡಬೇಕು. ‘ಆಟಗಾರನೇ ತೊಟ್ಟದ್ದು’ ಎಂಬ ಮಾತಿಗೆ ಕಾಗದ ಪತ್ರ ಇಲ್ಲದಿದ್ದರೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಹೆಸರಿನ ಕಸೂತಿ ಯಾರು ಬೇಕಾದರೂ ಹಾಕಿಸಬಹುದು.

ಅಂಟು ಬಿಟ್ಟಿರುವುದಷ್ಟೇ ದೋಷವಾದರೆ ಚೌಕಾಸಿ ಮಾಡಿ ಕೊಳ್ಳಬಹುದು, ಅದು ಸರಿಯಾಗುತ್ತದೆ. ಸೂಪರ್ ಗ್ಲೂ ಹಾಕಬೇಡಿ, ಒಣಗಿ ಗಾಜಿನಂತಾಗಿ ಮಡಿದಲ್ಲಿ ಒಡೆಯುತ್ತದೆ. ಚಪ್ಪಲಿ ದುರಸ್ತಿಯವರ ಬಳಿ ಇರುವ ಪಿಯು (ಪಾಲಿಯುರಿಥೇನ್) ಅಂಟು ಬೇಕು. ಹಳೆಯ ಅಂಟನ್ನು ನಯವಾದ ಮರಳುಕಾಗದದಿಂದ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಎರಡೂ ಬದಿಗೆ ತೆಳ್ಳಗೆ ಹಚ್ಚಿ, ಅಂಟು ಕೈಗೆ ಹತ್ತದಷ್ಟು ಒಣಗಿದ ಮೇಲೆ ಹೇರ್ ಡ್ರೈಯರ್‌ನಿಂದ ಅಟ್ಟೆಯ ಬದಿಯನ್ನು ಮಾತ್ರ ಬಿಸಿ ಮಾಡಿ ಒತ್ತಿ, 24 ಗಂಟೆ ಕಟ್ಟಿಡಿ. ಮೇಲ್ಭಾಗಕ್ಕೆ ಬಿಸಿ ತಾಗಿದರೆ ತೆಳು ಸಿಂಥೆಟಿಕ್ ಸುಕ್ಕುಗಟ್ಟುತ್ತದೆ. ಲೇಪನವೇ ಅಂಟಂಟಾಗಿದ್ದರೆ ಅಥವಾ ಅಟ್ಟೆಯಲ್ಲೇ ಬಿರುಕಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.

ಹಾಗಾದರೆ ಯಾವುದು?

ಕಪಾಟಿನಲ್ಲಿ ಒಂದೇ ಬೂಟು, ನೋಡಿದವರೆಲ್ಲ ಗುರುತಿಸಬೇಕು, ಹಣದ ಚಿಂತೆಯಿಲ್ಲ ಎಂದಾದರೆ 2002ರ ಬೆಳ್ಳಿ ವೇಪರ್. ಮನೆ ಕರಾವಳಿಯಲ್ಲಿದ್ದು, ಗಾಳಿಯ ತೇವ ಹೀರುವ ಡೀಹ್ಯೂಮಿಡಿಫೈಯರ್ ಯಂತ್ರ ಇಲ್ಲದಿದ್ದರೆ ಅದರ ಬದಲು ವೇಪರ್ 3. ವಿನ್ಯಾಸದ ಮೇಲಿನ ಪ್ರೀತಿಗೆ, ಕೈಗೆಟಕುವ ಬೆಲೆಗೆ 2010ರ ಅಡಿಝೀರೋ. ನನ್ನ ಆಯ್ಕೆಯೂ ಅದೇ. ತೀರಾ ಕಡಿಮೆ ಬಜೆಟ್‌ಗೆ ಇವೋಸ್ಪೀಡ್ ಎಸ್‌ಎಲ್. ಪ್ರದರ್ಶನಕ್ಕೆ ಮಾತ್ರ ಆದರೆ ಯುಕೆ 5, ಯುಕೆ 12ರಂಥ ಸೈಜ್ ಹುಡುಕಿ. ತೊಡುವವರು ಕಡಿಮೆ ಇರುವುದರಿಂದ ಅದೇ ಬೂಟು ಅಗ್ಗವಾಗಿ ಸಿಗುತ್ತದೆ.

ವಾರಾಂತ್ಯದಲ್ಲಿ ಆಡುವವರಿಗೆ ಮೊರೇಲಿಯಾ 2, ಇಲ್ಲವೇ ಇಂದಿನ ಎಫ್50. ಅದರಲ್ಲೂ ಬೆಂಗಳೂರಿನ ಬಾಡಿಗೆ ಟರ್ಫ್‌ಗಳಲ್ಲಿ ಆಡುವವರು ನೆನಪಿಡಬೇಕಾದದ್ದು, ಹುಲ್ಲಿನ ಮೈದಾನಕ್ಕೆಂದು ಮಾಡಿದ ಎಫ್‌ಜಿ ಸ್ಟಡ್ ಕೃತಕ ಹುಲ್ಲಿನಲ್ಲಿ ಕಚ್ಚಿಕೊಳ್ಳುತ್ತದೆ. ತಿರುಗುವಾಗ ಮೊಣಕಾಲಿಗೆ ಪೆಟ್ಟು, ಹಳೆಯ ಅಟ್ಟೆಗೆ ಬಿರುಕು. ಅಲ್ಲಿಗೆ ಕೃತಕ ಹುಲ್ಲಿಗೆಂದೇ ಮಾಡಿದ ಟಿಎಫ್ ಅಥವಾ ಎಜಿ ಅಟ್ಟೆಯದ್ದೇ ಬೇಕು.

ಮನೆಗೆ ಬಂದ ಮೇಲೆ: ಡಬ್ಬಿಯೊಂದಕ್ಕೆ ತಲಾ 10-20 ಗ್ರಾಂನ ಎರಡು ಸಿಲಿಕಾ ಜೆಲ್ ಪೊಟ್ಟಣ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲು. ಕಪಾಟಿನೊಳಗೆ ಒಂದು ಸಣ್ಣ ಹೈಗ್ರೋಮೀಟರ್ ಇಟ್ಟು ತೇವಾಂಶ ಶೇ. 45-50ರಲ್ಲಿ ಇರುವಂತೆ ನೋಡಿಕೊಳ್ಳಿ. ಒಳಗೆ ಬಿಳಿ ಟಿಶ್ಯೂ ಕಾಗದ ತುಂಬಿ, ದಿನಪತ್ರಿಕೆ ಬೇಡ, ಮಸಿ ಹತ್ತುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಬೇಡಿ, ಬೂಟುಗಳು ಒಂದಕ್ಕೊಂದು ತಾಗದಿರಲಿ, ಕಿಟಕಿಯ ಬಿಸಿಲು ಬೀಳದಿರಲಿ. ಬೆಳಕಿನಿಂದಲೂ ಪಾರದರ್ಶಕ ಅಟ್ಟೆ ಹಳದಿಯಾಗುತ್ತದೆ. ಬಟ್ಟೆಯ ಕಪಾಟಿನಲ್ಲಿ ಇಡುವುದಾದರೆ ಅಲ್ಲಿರುವ ನ್ಯಾಫ್ತಲೀನ್ ಗುಳಿಗೆಗಳನ್ನು ಮೊದಲು ತೆಗೆಯಿರಿ. ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುತ್ತದೆ.